ಒಂದು ಗುದ್ದಿಗೆ ಹೊರಡು

"ಈ ಸಲ ಬೈಕ್ ನಾನೇ ಓಡಿಸ್ತೀನಿ. ನಿನ್ನನ್ನೂ ನಿನ್ನ ಕಡುಬನ್ನೂ ಒಂದು ಹನಿ ತಾಗದ ಹಾಗೆ ನಿನ್ನ ತವರಿನ ಹೊಸಿಲಿಗೆ ಮುಟ್ಟಿಸ್ತೀನಿ. ಇದು ತ್ವಾನ್‌ನ ಪ್ರತಿಜ್ಞೆ!"

ನಾನು ಹೀಗೆ ಗುಡುಗಿದಾಗ ನನ್ನ ಹೆಂಡತಿ ಲಿಯೂ ಅಡುಗೆಮನೆಯಲ್ಲಿ ಕೂತು ಬಾಳೆ ಎಲೆ ಒರೆಸುತ್ತಿದ್ದಳು. ಹೊರಗೆ ಆಕಾಶವೂ ಗುಡುಗಿತು. ಅವಳು ಯಾರ ಗುಡುಗಿಗೂ ತಲೆ ಎತ್ತಲಿಲ್ಲ.

"ಕನ್ನಡಕಕ್ಕೆ ವೈಪರ್ ಹಾಕಿಸ್ಕೊಂಡ್ರಾ?" ಎಂದಳು.

ನನ್ನ ಮರ್ಮಕ್ಕೇ ಬಿತ್ತು ಏಟು. ನಾನು ಹ್ವೇ ಊರಿನಲ್ಲಿ, ಡೋಂಗ್ ಬಾ ಮಾರುಕಟ್ಟೆಯ ಪಕ್ಕ, ಕನ್ನಡಕದ ಅಂಗಡಿ ಇಟ್ಟವನು. ಊರಿಗೆಲ್ಲ ದೃಷ್ಟಿದಾನ ಮಾಡುವ ನನಗೆ ಮಳೆ ಬಂದರೆ ಎದುರಿಗಿರುವುದು ಬಸ್ಸೋ ಬಸವನೋ ತಿಳಿಯುವುದಿಲ್ಲ. ನಮ್ಮೂರಿನ ಮಳೆಯಾದರೂ ಎಂಥದ್ದು! ಬೇರೆ ಕಡೆ ಮಳೆ ಬಂದು ಹೋಗುತ್ತದಂತೆ. ಇಲ್ಲಿ ಬಂದರೆ ಬಿಡಾರ ಹೂಡುತ್ತದೆ. ನೆಲ ಕೊಳೆಸುವ ಮಳೆ ಎಂದು ಹಿರಿಯರು ಹೆಸರಿಟ್ಟಿದ್ದಾರೆ. ಆದ್ದರಿಂದ ಮದುವೆಯಾದ ಲಾಗಾಯ್ತು ಮಳೆಗಾಲದಲ್ಲಿ ಬೈಕಿನ ಹಿಡಿ ಲಿಯೂ ಕೈಯಲ್ಲಿ, ನಾನು ಅವಳ ಬೆನ್ನ ಹಿಂದೆ, ಪ್ಲಾಸ್ಟಿಕ್ ಕೊಪ್ಪೆಯ ಒಳಗೆ. ಸುಖವಾಗಿಯೇ ಇದ್ದೆ. ಹೋದ ವರ್ಷದ ಮಾವನವರ ತಿಥಿಯ ದಿನ ಭಾವಮೈದ ಲಾಂಗ್ ಬಾಯಿ ಬಿಡದಿದ್ದರೆ ಈಗಲೂ ಸುಖವಾಗಿಯೇ ಇರುತ್ತಿದ್ದೆ. ಅಂದು ನಾನು ಕೊಪ್ಪೆಯ ಕೆಳಗಿನಿಂದ ತೆವಳಿ ಹೊರಬಂದದ್ದನ್ನು ನೋಡಿ ಅವನು ನೆಂಟರೆಲ್ಲರ ಮುಂದೆ, "ಅಕ್ಕ ಕುಕ್ಕೆ ಕೆಳಗೆ ಕೋಳಿ ಮುಚ್ಕೊಂಡು ಬರೋ ಹಾಗೆ ಭಾವನ್ನ ತಂದಿದ್ದಾಳೆ," ಎಂದ. ಆ ನಗು ಒಂದು ವರ್ಷ ನನ್ನ ಕಿವಿಯಲ್ಲೇ ಬಾಡಿಗೆಗಿತ್ತು.

ಲಿಯೂಗೆ ಇದೆಲ್ಲ ಮಕ್ಕಳಾಟ. ಅವಳ ಚಿಂತೆ ಒಂದೇ, ಕಡುಬು. ಬಾಳೆ ಎಲೆಯಲ್ಲಿ ಅಕ್ಕಿಹಿಟ್ಟು ಹಚ್ಚಿ, ಸೀಗಡಿ ಹೂರಣ ಇಟ್ಟು, ಹಬೆಯಲ್ಲಿ ಬೇಯಿಸಿದ ಕಡುಬು. ಮಾವನವರು ಬದುಕಿದ್ದಾಗ ಮಗಳ ಕೈಯ ಕಡುಬಲ್ಲದೆ ಬೇರೆಯವರು ಮಾಡಿದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಈಗಲೂ ಆ ಕಡುಬು ಬಿಸಿಬಿಸಿಯಾಗಿ ಅವರ ಪಟದ ಮುಂದೆ ಕೂತ ಮೇಲೆಯೇ ಅತ್ತೆ ಊದುಬತ್ತಿ ಹಚ್ಚುವುದು. ನಡುಮಧ್ಯಾಹ್ನ ದಾಟಿದರೆ ಕಾಯುವಂತಿಲ್ಲ. ಕಡುಬು ಬರಲಿಲ್ಲವೆಂದರೆ ಮಾವನವರು ವರ್ಷಕ್ಕೊಮ್ಮೆ ಬಂದು ಉಪವಾಸ ಹೋದಂತೆ ಎಂದು ಲಿಯೂ ನಂಬಿಕೆ. ಅದರ ಬಗ್ಗೆ ಅವಳ ಹತ್ತಿರ ತಮಾಷೆ ಮಾಡಲು ನನಗೂ ಧೈರ್ಯವಿಲ್ಲ.

"ಸರಿ," ಎಂದಳು ಕೊನೆಗೆ, ಹಬೆಯಾಡುವ ಪಾತ್ರೆಗೆ ಟವಲು ಸುತ್ತುತ್ತಾ. "ಎದುರಿಗೆ ನಾಯಿ ಬಂತು. ಏನ್ ಮಾಡ್ತೀರಿ?"

"ಬ್ರೇಕ್ ಹಾಕ್ತೀನಿ."

"ಯಾವುದು?"

"ಎರಡೂ. ಗಟ್ಟಿಯಾಗಿ."

"ಬಿದ್ರಿ. ಕಡುಬೆಲ್ಲ ರಸ್ತೆ ಪಾಲು. ನಾಯಿಗೆ ತಿಥಿ ಊಟ."

ನಾನು ಬೇರೆ ಉತ್ತರ ಹುಡುಕುವಷ್ಟರಲ್ಲಿ ಅವಳೇ ಪಾಠ ಶುರು ಮಾಡಿದಳು.

"ಮಳೇಲಿ ಬ್ರೇಕನ್ನ ಹಿಂಡಬಾರದು ರೀ, ಮುಟ್ಟಬೇಕು. ಅದಕ್ಕೂ ಮೊದಲೇ ನಿಧಾನ ಮಾಡಿದ್ರೆ ಮುಟ್ಟೋದೂ ಬೇಡ. ಬಿಳಿ ಪಟ್ಟೆ ಮೇಲೆ ಹೋಗ್ಬೇಡಿ, ನೆಂದ ಪಟ್ಟೆ ಅಂದ್ರೆ ಸೋಪು. ಮುಂದೆ ಲಾರಿ ಹೋಗ್ತಿದ್ರೆ ಅದರ ಗಾಲಿ ಜಾಡಲ್ಲೇ ಹೋಗಿ, ಅಲ್ಲಿ ನೀರು ಕಮ್ಮಿ. ಹಾಗಂತ ಅದರ ಬಾಲ ಹಿಡೀಬೇಡಿ. ನದಿ ದಂಡೆ ಹತ್ರ ರಸ್ತೆ ಮೇಲೆ ನೀರು ನಿಂತಿರುತ್ತೆ. ಅಲ್ಲಿ ಗೇರು ಇಳಿಸಿ, ಆಕ್ಸಿಲರೇಟರ್ ಒಂದೇ ಸಮ ಹಿಡ್ಕೊಳ್ಳಿ, ನಿಲ್ಲಿಸ್ಬೇಡಿ. ಬಿಟ್ರೆ ಸೈಲೆನ್ಸರ್ ನೀರು ಕುಡಿಯುತ್ತೆ."

"ಕುಡಿದ್ರೆ ಹೇಗೆ ಗೊತ್ತಾಗೋದು?"

"ಗಂಟಲು ಕಟ್ಟಿದ ಹಾಗೆ ಕ್ಯಾಕ್ ಕ್ಯಾಕ್ ಅನ್ನುತ್ತೆ. ಆಮೇಲೆ ಸಾಯುತ್ತೆ."

ಈ ಕ್ಯಾಕ್ ಕ್ಯಾಕ್ ಅನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ. ನಮ್ಮ ಕೊಪ್ಪೆಗಳು ಗೊತ್ತಲ್ಲ, ಓಡಿಸುವವನ ತಲೆಯಿಂದ ಹಿಡಿದು ಬೈಕಿನ ದೀಪದವರೆಗೂ ಮುಚ್ಚುತ್ತವೆ. ದೀಪಕ್ಕೆ ಮಾತ್ರ ಒಂದು ಗಾಜಿನಂಥ ಕಿಟಕಿ. ಹಿಂದೆ ಕೂತವರು ಹಿಂಬದಿಯ ಸೆರಗಿನ ಒಳಗೆ ತಲೆ ಹುದುಗಿಸಿಕೊಂಡು ಅಂಚನ್ನು ತೊಡೆಯ ಕೆಳಗೆ ಒತ್ತಿಕೊಳ್ಳಬೇಕು, ಚಕ್ರಕ್ಕೆ ಸಿಗದಂತೆ. ಒಳಗೆ ಕೂತವರ ಲೋಕ ಅವರಿಗೆ. ಮೇಲೆ ಮಳೆ ತಮಟೆ ಬಡಿಯುವಾಗ ಅವರ ಮಾತು ಮುಂದಿನವನಿಗೆ ಕೇಳುವುದಿಲ್ಲ. ಅದಕ್ಕೆ ಲಿಯೂ ಒಂದು ಗುಪ್ತಭಾಷೆ ಮಾಡಿದಳು.

"ಬೆನ್ನಿಗೆ ಒಂದು ಗುದ್ದಿದ್ರೆ ಹೊರಡಿ. ಎರಡು ಗುದ್ದಿದ್ರೆ ನಿಧಾನ. ತುಂಬ ಗುದ್ದಿದ್ರೆ, ಭೇಷ್, ಹೀಗೇ ಹೋಗಿ ಅಂತ."

"ಭೇಷ್ ಅನ್ನೋಕೂ ಗುದ್ದಬೇಕಾ?"

"ನಿಮಗೆ ಭೇಷ್ ಅನ್ನೋ ಸಂದರ್ಭ ಬರಲ್ಲ ಬಿಡಿ. ಮತ್ತೆ, ಯಾವ ಕಾರಣಕ್ಕೂ ಹಿಂದೆ ತಿರುಗಿ ನೋಡ್ಬೇಡಿ. ತಿರುಗಿದ್ರೆ ಕೊಪ್ಪೆ ಟೋಪಿ ಅಲ್ಲೇ ಇರುತ್ತೆ, ನಿಮ್ಮ ಮುಖ ಟೋಪಿಯೊಳಗೆ ಹೋಗುತ್ತೆ. ಕಣ್ಣು ಮುಂದೇನೇ ಇರ್ಲಿ."

ಮುಂದೆ ನಡೆದ ಅನಾಹುತಕ್ಕೆ ನಾನು ಅವಳ ಮಾತು ಮೀರಿದ್ದು ಕಾರಣವಲ್ಲ. ಅಕ್ಷರಶಃ ಪಾಲಿಸಿದ್ದು ಕಾರಣ.

ಹೊರಟೆವು. ನನ್ನ ಮೈಮೇಲೆ ನೇರಳೆ ಬಣ್ಣದ ಹೊಸ ಕೊಪ್ಪೆ. ನಮ್ಮೂರಿನವರಿಗೆ ನೇರಳೆಯ ಹುಚ್ಚು ಎಂಬುದು ಲೋಕಪ್ರಸಿದ್ಧ. ಮದುವಣಗಿತ್ತಿಯ ನಿಲುವಂಗಿಯಿಂದ ಮಳೆಯ ಕೊಪ್ಪೆಯವರೆಗೆ ಎಲ್ಲ ನೇರಳೆ. ನನ್ನ ಹಿಂದೆ ಲಿಯೂ, ನಮ್ಮಿಬ್ಬರ ನಡುವೆ ಕಡುಬಿನ ಪಾತ್ರೆ. ಅದರ ಬಿಸಿ ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಕನ್ನಡಕದ ಮೇಲೆ ನೀರು ಹೊರಗಿನಿಂದ, ಉಸಿರಿನ ಹಬೆ ಒಳಗಿನಿಂದ. ನಡುವೆ ಉಳಿದ ಒಂದು ಕಾಸಿನಗಲದ ಜಾಗದಲ್ಲಿ ನಾನು ಜಗತ್ತನ್ನು ನೋಡುತ್ತಾ ಹೋದೆ. ನಾಯಿ ಬಂತು, ಬ್ರೇಕು ಮುಟ್ಟಿದೆ. ಬಿಳಿ ಪಟ್ಟೆ ಬಂತು, ಬಳಸಿ ಹೋದೆ. ಬೆನ್ನಿಗೆ ಎರಡು ಗುದ್ದು ಬಿತ್ತು, ನಿಧಾನಿಸಿದೆ. ಮತ್ತೆ ಎರಡು. ಮತ್ತೆ ನಿಧಾನಿಸಿದೆ. ಕೊನೆಗೆ ಛತ್ರಿ ಹಿಡಿದ ಅಜ್ಜಿಯೊಬ್ಬಳು ನಡೆದುಕೊಂಡೇ ನಮ್ಮನ್ನು ದಾಟಿ ಹೋದಳು.

ರೈಲ್ವೆ ಗೇಟಿನ ಹತ್ತಿರ ಬರುವಾಗ ಗೇಟು ಹಾಕಿತ್ತು. ಮುಂದೆ ಹಿಂದೆ ಎಲ್ಲೆಲ್ಲೂ ನೇರಳೆ ಕೊಪ್ಪೆಗಳು, ಬದನೆಕಾಯಿ ರಾಶಿ ಹಾಕಿದಂತೆ. ಲಿಯೂ ಕೆಳಗಿಳಿದಳು.

"ನೆಂದ ಹಳಿ ಎಣ್ಣೆ ಸವರಿದ ಬೆಣ್ಣೆ ಇದ್ದ ಹಾಗೆ," ಎಂದಳು, ಸೀಟಿನ ಕೆಳಗಿದ್ದ ತೆಳು ಮಳೆ ಅಂಗಿ ಹಾಕಿಕೊಂಡು ಪಾತ್ರೆಯನ್ನು ಅದರೊಳಗೆ ಅವುಚಿಕೊಳ್ಳುತ್ತಾ. ಅದೂ ನೇರಳೆಯೇ. "ನಾನು ಕಡುಬು ಹಿಡ್ಕೊಂಡು ನಡೆದು ದಾಟ್ತೀನಿ. ನೀವು ಹಳೀನ ಓರೆಯಾಗಿ ದಾಟ್ಬೇಡಿ, ನೇರ ಅಡ್ಡಕ್ಕೆ ದಾಟಿ ಆ ಕಡೆ ನಿಂತಿರಿ. ನಾನೇ ಹತ್ತಿ ಗುದ್ದು ಕೊಡ್ತೀನಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ಹಳಿ ಮೇಲಿಲ್ಲ."

ಇದು ನಮ್ಮ ಕಡೆಯ ರೂಢಿ. ಕೈಯಲ್ಲಿ ನಾಜೂಕಿನ ಸಾಮಾನಿರುವ ಹೆಂಗಸರೆಲ್ಲ ಮಳೆಯಲ್ಲಿ ಹಳಿಯ ಹತ್ತಿರ ಇಳಿದು ನಡೆಯುತ್ತಾರೆ. ರೈಲು ಹೋಯಿತು. ಗೇಟು ಎದ್ದಿತು. ಬದನೆಕಾಯಿ ರಾಶಿ ಉರುಳಿತು. ನಾನು ಹಳಿಯನ್ನು ಅಳತೆಪಟ್ಟಿ ಇಟ್ಟ ಹಾಗೆ ನೇರ ದಾಟಿ, ಆ ಕಡೆ ರಸ್ತೆಯ ಅಂಚಿಗೆ ನಿಂತೆ. ಕಣ್ಣು ಮುಂದೆ. ಹಿಂದೆ ಹಾರನ್ನುಗಳ ಕಿರುಚಾಟ. ಬೈಕು ಕುಗ್ಗಿತು. ಕೊಪ್ಪೆಯ ಸೆರಗು ಎದ್ದು ಬಿತ್ತು. ಬೆನ್ನಿಗೆ ಪಾತ್ರೆಯಂಥದ್ದೇನೋ ಒತ್ತಿತು. ಬಿತ್ತು ಒಂದು ಗುದ್ದು.

ಹೊರಟೆ.

ಸ್ವಲ್ಪ ದೂರ ಹೋದ ಮೇಲೆ ಗುದ್ದುಗಳು ನಿಂತೇ ಹೋಗಿರುವುದು ಗಮನಕ್ಕೆ ಬಂತು. ಎರಡು ಗುದ್ದಿಲ್ಲ ಎಂದರೆ ನಿಧಾನ ಬೇಡ ಎಂದರ್ಥ. ಲಿಯೂಗೆ ನನ್ನ ಮೇಲೆ ಭರವಸೆ ಬಂದಿದೆ! ಎದೆ ಉಬ್ಬಿತು. ವೇಗ ಕೊಂಚ ಏರಿತು, ಕೊಂಚವೇ. ಬೆನ್ನಿಗೆ ತಾಗುವ ಪಾತ್ರೆ ಮೊದಲಿಗಿಂತ ಮೆತ್ತಗೆ ಇದ್ದಂತಿತ್ತು, ಆಗಾಗ ಅಲುಗಿದಂತೆಯೂ ಇತ್ತು. ಟವಲು ಸಡಿಲವಾಗಿರಬೇಕು ಎಂದುಕೊಂಡೆ. ಕನ್ನಡಿಯಲ್ಲಿ ಮಾತ್ರ ಮಸುಕಾದ ಒಂದು ದೀಪ ಕಾಣುತ್ತಿತ್ತು. ಹತ್ತಿರವೂ ಬರದು, ದೂರವೂ ಹೋಗದು. ಯಾವನೋ ನನ್ನ ಜಾಡು ಹಿಡಿದು ಹಾಯಾಗಿ ಬರುತ್ತಿದ್ದಾನೆ, ಬರಲಿ ಪಾಪ, ಒಳ್ಳೆಯ ಸವಾರನ ಹಿಂದೆ ನಾಲ್ಕು ಜನ ಬರುವುದು ಸಹಜ ಎಂದು ಔದಾರ್ಯ ತೋರಿಸಿದೆ.

ನದಿ ದಂಡೆ ಬಂತು. ರಸ್ತೆ ಎಲ್ಲಿದೆ? ರಸ್ತೆ ಇರಲಿಲ್ಲ. ನದಿಯೇ ಎದ್ದು ಬಂದು ರಸ್ತೆಯಲ್ಲಿ ಕಾಲು ಚಾಚಿ ಕೂತಿತ್ತು. ಎರಡೂ ಕಡೆ ಬೇಲಿ ಇದ್ದದ್ದರಿಂದ ನಡುವೆ ರಸ್ತೆ ಇರಬಹುದು ಎಂದು ಊಹಿಸಬೇಕು. ಹಿಂದೆ ತಿರುಗುವುದೇ? ನಡುಮಧ್ಯಾಹ್ನ ಸಮೀಪಿಸುತ್ತಿತ್ತು. ಮಾವನವರು ಪಟದೊಳಗಿಂದ ಬಾಗಿಲ ಕಡೆ ನೋಡುತ್ತಿರುವಂತೆ ಕಣ್ಣಿಗೆ ಕಟ್ಟಿತು. ಗೇರು ಇಳಿಸಿದೆ. ಆಕ್ಸಿಲರೇಟರ್ ಒಂದೇ ಸಮ ಹಿಡಿದೆ. ಇಳಿದೆ.

ನೀರು ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು. ಆಗ ಹಿಂದಿನಿಂದ ಕೇಳಿಸಿತು.

ಕ್ಯಾಕ್ ಕ್ಯಾಕ್.

ಸೈಲೆನ್ಸರ್ ನೀರು ಕುಡಿಯುತ್ತಿದೆ! ನನ್ನ ಜೀವ ಬಾಯಿಗೆ ಬಂತು. ಬೈಕು ಇಲ್ಲಿ ಸತ್ತರೆ ಕಡುಬು ಮುಳುಗಿತು, ನಾನು ಮುಳುಗಿದೆ, ಲಾಂಗ್‌ಗೆ ಇನ್ನು ಹತ್ತು ವರ್ಷದ ನಗುವಿಗೆ ಸಾಮಗ್ರಿ ಒದಗಿತು. ಭಯವಾದಾಗ ಕೆಲವರು ದೇವರ ನಾಮ ಹೇಳುತ್ತಾರೆ. ನನಗೆ ಬಾಯಿಗೆ ಬಂದದ್ದು ಹೆಂಡತಿಯ ಹೆಸರು. ಮಳೆಯ ಸದ್ದನ್ನೂ ಮೀರಿ ಕಿರುಚಿದೆ.

"ಲಿಯೂ, ನನಗೆ ಭಯ ಆಗ್ತಿದೆ ಕಣೇ. ನಾನು ಕೊಚ್ಚಿಕೊಂಡಿದ್ದೆಲ್ಲ ಸುಳ್ಳು. ಇಷ್ಟು ವರ್ಷ ನೀನು ಈ ಮಳೇಲಿ ನನ್ನ ಕೂರಿಸ್ಕೊಂಡು ಹೇಗೆ ಓಡಿಸ್ದೆ? ಎಲ್ಲಿ ಹೊಂಡ ಇದೆ ಅಂತ ನೀರಿನ ಮೇಲಿನ ಸುಕ್ಕು ನೋಡೇ ಹೇಳ್ತಿದ್ದೆ. ಒಂದು ದಿನವೂ ಬೀಳಿಸ್ಲಿಲ್ಲ. ನಾನು ಹಿಂದೆ ಕೂತು ನಿನ್ನ ಬೆನ್ನಿಗೆ ಒರಗಿ ನಿದ್ದೆ ಮಾಡಿದ್ದೀನಿ, ಗೊತ್ತಾ? ನಿನ್ನ ಬೆನ್ನ ಹಿಂದೆ ಇದ್ರೆ ನನಗೆ ಹೊರಗೆ ಮಳೆ ಇದೆ ಅಂತಾನೇ ಅನ್ಸಲ್ಲ. ಊರಲ್ಲಿ ನಿನ್ನಂಥ ಸವಾರರು ಇನ್ನೊಬ್ರಿಲ್ಲ. ಇದನ್ನ ಮಾತ್ರ ನಿನ್ನ ತಮ್ಮನ ಹತ್ರ ಹೇಳ್ಬೇಡ."

ಬೆನ್ನ ಮೇಲೆ ಗುದ್ದುಗಳ ಸುರಿಮಳೆಯಾಯಿತು. ದಬದಬದಬ ಎಂದು, ಹದಿನಾರು ಕಡೆಯಿಂದ. ತುಂಬ ಗುದ್ದಿದರೆ ಭೇಷ್! ನನ್ನ ಕಣ್ಣು ಒದ್ದೆಯಾಯಿತು, ಒಳಗಿನಿಂದ ಮೂರನೆಯ ಪದರ. ಕನ್ನಡಕದ ಕಾಸಿನಗಲದ ಜಾಗವೂ ಹೋಯಿತು. ಬೇಲಿಯ ನೆರಳು ನೋಡಿಕೊಂಡು, ಅವಳು ಹೇಳಿದ ಮಾತನ್ನೇ ಮಂತ್ರದಂತೆ ಗೊಣಗುತ್ತಾ, ಆಕ್ಸಿಲರೇಟರ್ ಬಿಡದೆ, ಬ್ರೇಕು ಹಿಂಡದೆ, ನಾನು ಆ ನೀರನ್ನು ದಾಟಿದೆ. ನಿಜವಾಗಿ ದಾಟಿದೆ. ಬೈಕು ಸಾಯಲಿಲ್ಲ. ಕ್ಯಾಕ್ ಕ್ಯಾಕ್ ಮಾತ್ರ ನಿಲ್ಲಲಿಲ್ಲ. ಗಟ್ಟಿ ಎಂಜಿನ್ನು, ನೀರು ಕುಡಿದೂ ಓಡುತ್ತಿದೆ ಎಂದುಕೊಂಡೆ.

ಅತ್ತೆಯ ಮನೆ ಚಕ್ಕೋತದ ತೋಟದ ನಡುವೆ. ಸೂರಿನ ಕೆಳಗೆ ನೆಂಟರೆಲ್ಲ ಸಾಲಾಗಿ ನಿಂತು ದಾರಿ ಕಾಯುತ್ತಿದ್ದರು. ನಡುವೆ ಲಾಂಗ್, ತುದಿಯಲ್ಲಿ ಹಚ್ಚದ ಊದುಬತ್ತಿ ಹಿಡಿದ ಅತ್ತೆ. ನಾನು ಅಂಗಳದಲ್ಲಿ ನೀರೂ ಚಿಮ್ಮದಂತೆ ನಿಲ್ಲಿಸಿದೆ.

"ಅರೆ, ಭಾವ ಮುಂದೆ ಕೂತಿದ್ದಾರೆ," ಎಂದ ಲಾಂಗ್.

ವರ್ಷವಿಡೀ ಕಾದಿದ್ದ ಗಳಿಗೆ. ನಾನು ಇಳಿದೆ. "ನೋಡಪ್ಪ ಲಾಂಗ್, ನಿಮ್ಮಕ್ಕ. ಒಂದು ಹನಿ ತಾಗಿದ್ರೆ ಕೇಳು," ಎಂದು ನಾಟಕದ ಪರದೆ ಎಳೆಯುವ ಗತ್ತಿನಲ್ಲಿ ಕೊಪ್ಪೆಯನ್ನು ಎತ್ತಿದೆ.

ಒಳಗೆ ಕೂತಿದ್ದವಳು ಯಾರೋ ದುಂಡು ಮುಖದ ಹೆಂಗಸು. ಒಂದು ಹನಿಯೂ ತಾಗಿರಲಿಲ್ಲ, ಅದು ನಿಜ. ಅವಳ ಮಡಿಲಲ್ಲಿ ಬುಟ್ಟಿ. ಬುಟ್ಟಿಯಿಂದ ಒಂದು ಬಾತುಕೋಳಿ ಕತ್ತು ಹೊರಹಾಕಿ ನನ್ನನ್ನು ನೋಡಿ ಕ್ಯಾಕ್ ಎಂದಿತು.

ಮೊದಲು ಬಾಯಿ ಬಿಟ್ಟವನು ಲಾಂಗ್.

"ಭಾವ, ಅಕ್ಕನ್ನ ಕೊಟ್ಟು ಬದಲಿಗೆ ಇವ್ರನ್ನ ತಗೊಂಡ್ರಾ? ಬಾತುಕೋಳಿ ಮೇಲೆ ಕೊಸರಾ?"

ಅತ್ತೆ ಮುಂದೆ ಬಂದರು. "ಅಳಿಯಂದ್ರೇ, ನನ್ನ ಮಗಳೆಲ್ಲಿ? ಕಡುಬೆಲ್ಲಿ?"

ಹಳಿಯ ಹತ್ತಿರ, ಮಳೆಯಲ್ಲಿ, ಬಿಸಿ ಪಾತ್ರೆ ಅವುಚಿಕೊಂಡು ನಿಂತ ಲಿಯೂ ಕಣ್ಣ ಮುಂದೆ ಬಂದಳು. ನಗೆ, ಅವಮಾನ, ಲಾಂಗ್, ಎಲ್ಲ ಮರೆತುಹೋಯಿತು. ಆ ನೀರನ್ನು ದಾಟಿ ಅವಳು ಹೇಗೆ ಬರಬೇಕು? ನಾನು ತಿರುಗಿ ಬೈಕಿನ ಕಡೆಗೆ ಓಡಿದೆ.

ಓಡಬೇಕಾಗಲಿಲ್ಲ. ತೋಟದ ತಿರುವಿನಲ್ಲಿ ಒಂದು ದೀಪ ಕಂಡಿತು. ಕನ್ನಡಿಯಲ್ಲಿ ಕಂಡಿದ್ದ ಅದೇ ದೀಪ. ನಮ್ಮದರಂಥದ್ದೇ ಒಂದು ಬೈಕು ಕೆಸರಿನ ಹೊಂಡಗಳನ್ನು ಒಂದೊಂದಾಗಿ ಬಳಸಿಕೊಂಡು, ತನಗೇನೂ ಅವಸರವಿಲ್ಲ ಎನ್ನುವಂತೆ ಬಂದು, ನನ್ನ ಪಕ್ಕದಲ್ಲೇ ನಿಂತಿತು. ಓಡಿಸುತ್ತಿದ್ದವಳು ಲಿಯೂ. ಅವಳು ಇಳಿದು ಕೊಪ್ಪೆಯ ಹಿಂಬದಿ ಎತ್ತಿದಳು. ಒಳಗೊಬ್ಬ ಬಡಕಲು ಗಂಡಸು ಕಡುಬಿನ ಪಾತ್ರೆಯನ್ನು ಕೂಸಿನಂತೆ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದ.

"ಬಂತು ಖಾಂಗಣ್ಣ, ಕಣ್ಣು ಬಿಡಿ," ಎಂದಳು ಲಿಯೂ. ಪಾತ್ರೆ ತೆಗೆದುಕೊಂಡು ನೇರ ಒಳಗೆ ನಡೆದಳು. ಮುಚ್ಚಳ ತೆಗೆದಾಗ ಹಬೆ ಎದ್ದಿತು. ಮಾವನವರ ಪಟದ ಮುಂದೆ ಕಡುಬು ಕೂತಿತು. ಅತ್ತೆ ಊದುಬತ್ತಿ ಹಚ್ಚಿದರು. ನಾವೆಲ್ಲ ಕೈಮುಗಿದೆವು. ಆ ದುಂಡು ಮುಖದ ಹೆಂಗಸು ಬೂಯಿ, ಅವಳ ಗಂಡ ಖಾಂಗ್, ಇಬ್ಬರೂ ಮುಗಿದರು. ಬಾತುಕೋಳಿಯೂ ಅಷ್ಟು ಹೊತ್ತು ಸುಮ್ಮನಿತ್ತು.

ಊದುಬತ್ತಿ ಉರಿದು ಮುಗಿಯುವವರೆಗೆ ಎಲ್ಲರೂ ಚಾಪೆಯ ಮೇಲೆ ಕೂತಾಗ ವಿಚಾರಣೆ ಶುರುವಾಯಿತು.

"ನೀನು ಹಿಂದೇನೇ ಇದ್ಯಲ್ಲ, ಕೂಗಬಾರದಿತ್ತಾ? ಅಡ್ಡ ಹಾಕಬಾರದಿತ್ತಾ?" ಎಂದೆ ಲಿಯೂಗೆ.

"ಮಳೇಲಿ ಅಟ್ಟಿಸ್ಕೊಂಡು ಬಂದು ಹಾರನ್ ಹೊಡೆದ್ರೆ ನೀವು ಗಾಬರಿ ಬಿದ್ದು ಬ್ರೇಕ್ ಹಿಂಡ್ತಿದ್ರಿ. ಬೂಯಿ ಅಕ್ಕನ ಸಮೇತ ಕೆಳಗೆ. ಅದಕ್ಕೆ ದೂರದಲ್ಲೇ ಬಂದೆ. ಹೆಂಡ್ತಿ ನಿಮ್ಮ ಬೈಕ್ ಹತ್ತಿ ಹೋಗಿದ್ದು ನೋಡಿ ಖಾಂಗಣ್ಣ ಕಂಗಾಲಾಗಿದ್ರು, ಕೀ ಇಸ್ಕೊಂಡೆ." ಆಮೇಲೆ ಪಟದ ಕಡೆ ನೋಡುತ್ತಾ ಹೇಳಿದಳು. "ನೀರಲ್ಲಿ ಚೆನ್ನಾಗೇ ದಾಟಿಸಿದ್ರಿ."

ಇಷ್ಟಕ್ಕೇ ಮುಗಿದಿದ್ದರೆ ನಾನು ಮಾನವಂತನಾಗಿ ಮನೆಗೆ ಹೋಗುತ್ತಿದ್ದೆ. ಅತ್ತೆಯ ಕುತೂಹಲ ಬಿಡಲಿಲ್ಲ.

"ಅಲ್ಲಮ್ಮ ಬೂಯಿ, ಗಂಡ ಬೇರೆ ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಹೇಗೆ ಗೊತ್ತಾಗ್ಬೇಕು ತಾಯಿ? ಕೊಪ್ಪೆ ಅದೇ, ಬೈಕೂ ಅದೇ ಥರ. ಹತ್ತಿದ ತಕ್ಷಣ ನಮ್ಮೆಜಮಾನ್ರಿಗೆ ಒಂದು ಗುದ್ದೋದು ನನ್ನ ರೂಢಿ. ಆಮೇಲೆ ನೀರಲ್ಲಿ ಇವ್ರು ಮಾತಾಡೋಕೆ ಶುರು ಮಾಡಿದ್ರು. ಎಂಥ ಒಳ್ಳೊಳ್ಳೆ ಮಾತು. ಆಗ ಗೊತ್ತಾಯ್ತು, ಇವ್ರು ನಮ್ಮೆಜಮಾನ್ರಲ್ಲ ಅಂತ."

ಖಾಂಗ್ ಗಂಭೀರವಾಗಿ ತಲೆಯಾಡಿಸಿ ಒಪ್ಪಿಕೊಂಡ.

"ಗುದ್ದಿದೆ, ಗುದ್ದಿದೆ, ಕೈ ನೋವು ಬರೋವಷ್ಟು ಗುದ್ದಿದೆ. ನಿಲ್ಲಿಸ್ಲಿಲ್ಲ. ಆಮೇಲೆ ನಾನೂ ಸುಮ್ನಾದೆ. ಮಳೆ ತಾಗ್ತಿರ್ಲಿಲ್ಲ, ಕೇಳೋಕೂ ಚೆನ್ನಾಗಿತ್ತು."

"ಏನು ಮಾತು ಅಂಥದ್ದು?" ಎಂದ ಲಾಂಗ್, ಚಾಪೆಯ ಮೇಲೆ ಮುಂದಕ್ಕೆ ಸರಿದು.

"ಬೂಯಿ ಅಕ್ಕ, ಊಟ ಆಗ್ಲಿ, ಆಮೇಲೆ," ಎಂದೆ ನಾನು.

ಬೂಯಿ ಅಕ್ಕನಿಗೆ ದೇವರು ಕೊಟ್ಟ ಜ್ಞಾಪಕಶಕ್ತಿ ಇನ್ನಾರಿಗೂ ಬೇಡ. ಒಂದಕ್ಷರ ಬಿಡದೆ ಒಪ್ಪಿಸಿದಳು. ಭಯ ಆಗ್ತಿದೆ ಕಣೇ, ಕೊಚ್ಚಿಕೊಂಡಿದ್ದೆಲ್ಲ ಸುಳ್ಳು, ನಿನ್ನ ಬೆನ್ನ ಹಿಂದೆ ಇದ್ರೆ ಮಳೆ ಇದೆ ಅಂತಾನೇ ಅನ್ಸಲ್ಲ. "ಇದನ್ನ ಮಾತ್ರ ನಿನ್ನ ತಮ್ಮನ ಹತ್ರ ಹೇಳ್ಬೇಡ ಅಂತಾನೂ ಅಂದ್ರು," ಎಂದು ಮುಗಿಸಿ, "ಲಿಯೂ ಅವ್ರ ತಮ್ಮ ಯಾರು?" ಎಂದು ಲಾಂಗ್‌ನನ್ನೇ ಕೇಳಿದಳು.

ಆ ಮನೆಯ ಹೆಂಚು ಹಾರಿಹೋಗದೆ ಉಳಿದದ್ದು ಮಾವನವರ ಪುಣ್ಯ. ನಕ್ಕು ನಕ್ಕು ಲಾಂಗ್ ಚಾಪೆಯಿಂದ ಕೆಳಗೆ ಬಿದ್ದ. ನಗದೆ ಉಳಿದವಳು ಲಿಯೂ ಒಬ್ಬಳೇ. ಅವಳ ಕಿವಿ ಕೆಂಪಾಗಿತ್ತು. ಬಟ್ಟಲಿಗೆ ಮೀನಿನ ಸಾರು ಬಗ್ಗಿಸಿ, ಅದರಲ್ಲಿ ಕಡುಬು ಬಿಡಿಸಿ ಮೊದಲು ನನ್ನ ಮುಂದಿಟ್ಟಳು.

ಸಂಜೆ ಮಳೆ ಇನ್ನೂ ಹಾಗೇ ಸುರಿಯುತ್ತಿತ್ತು. ಹೊರಡುವಾಗ ನಾನು ಯಾರ ಅಪ್ಪಣೆಗೂ ಕಾಯದೆ ಹಿಂದಿನ ಸೀಟಿನಲ್ಲಿ ಕೂತು, ಕೊಪ್ಪೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಂಚನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಆಹಾ, ಆ ಕತ್ತಲು, ಆ ಬೆನ್ನು! ಲಿಯೂ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಬೈಕು ಹೊರಡಲಿಲ್ಲ. ಇನ್ನೊಂದು ಕೊಟ್ಟೆ.

"ಗುದ್ದು ನಡೆಯಲ್ಲ," ಎಂದಳು ಲಿಯೂ ಮುಂದಿನಿಂದ. "ಗುದ್ದು ಯಾರು ಬೇಕಾದ್ರೂ ಕೊಡ್ತಾರೆ. ಹಿಂದೆ ಕೂತಿರೋದು ನನ್ನ ಗಂಡಾನೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಆ ಮಾತು ಹೇಳಿ."

"ಯಾವ ಮಾತು?"

"ಬೂಯಿ ಅಕ್ಕಂಗೆ ಹೇಳಿದ್ದು. ನನಗೆ ಅಂತ ಇದ್ದದ್ದು."

ಕೊಪ್ಪೆಯ ಸಂದಿಯಿಂದ ಇಣುಕಿದೆ. ಸೂರಿನ ಕೆಳಗೆ ಅತ್ತೆ, ಲಾಂಗ್, ನೆಂಟರು, ಬೂಯಿ, ಖಾಂಗ್, ಎಲ್ಲರೂ ಸಾಲಾಗಿ ನಿಂತಿದ್ದರು. ನಾನು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು, ಅವಳ ಬೆನ್ನಿಗೆ ಬಾಯಿ ಹಚ್ಚಿ, ಎಲ್ಲವನ್ನೂ ಮೆಲ್ಲಗೆ ಹೇಳಿದೆ.

ಅವಳು ಎಂಜಿನ್ ಚಾಲೂ ಮಾಡಲಿಲ್ಲ.

"ಜೋರಾಗಿ ರೀ," ಎಂದಳು. "ಮಳೆ ಸದ್ದಿದೆ."